ನಾಲ್ಕನೇ ಕ್ರಾಸಿನಲ್ಲಿ ನೀರು ಯಾಕೆ ನಿಲ್ಲುತ್ತದೆ

ಪ್ರಶ್ನೋತ್ತರ ಬರೆಸುವುದರಲ್ಲಿ ನಮ್ಮ ಶಾಲೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಕಾಮಾಕ್ಷಿಪಾಳ್ಯದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದೆ. ಅದರಲ್ಲಿ ಮೊದಲ ಹದಿನೈದು ವರ್ಷ ಕಲಿಸಿದ್ದಕ್ಕಿಂತ ಬರೆಸಿದ್ದೇ ಹೆಚ್ಚು. ಕೃಷ್ಣಾ ನದಿಯ ಉಪನದಿಗಳು ಯಾವುವು ಎಂದರೆ ನಲವತ್ತು ಮಕ್ಕಳೂ ಉಸಿರು ಬಿಡದೆ ಒಪ್ಪಿಸುತ್ತಿದ್ದರು. ಅದನ್ನು ಕೇಳಿ ನನಗೆ ಹೊಟ್ಟೆ ತುಂಬುತ್ತಿತ್ತು.

ಈಗ ನಿವೃತ್ತಳಾಗಿ ಕೆಂಗೇರಿ ಉಪನಗರದಲ್ಲಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು ಆಗಾಗ ಫೋನ್ ಮಾಡಿ, ಮಕ್ಕಳ ಕೈಲಿ ಸಂಶೋಧನೆ ಮಾಡಿಸುವುದು ಹೇಗೆ, ಒಂದು ಒಳ್ಳೆಯ ಮಾದರಿ ಪ್ರಾಜೆಕ್ಟ್ ಇದ್ದರೆ ಕಳಿಸಿ ಎಂದು ಕೇಳುತ್ತಾರೆ. ಮಾದರಿ ನನ್ನ ಹತ್ತಿರ ಇಲ್ಲ. ನಾನು ಮಾಡಿದ ತಪ್ಪುಗಳು ಬೇಕಾದಷ್ಟಿವೆ. ಅವನ್ನೇ ಬರೆದು ಕೊಡುತ್ತೇನೆ, ಉಪಯೋಗಕ್ಕೆ ಬಂದರೆ ಬರಲಿ.

ನನ್ನ ಗರ್ವ ಮೊದಲ ಸಲ ಮುರಿದದ್ದು ವಿಷಯ ಪರಿವೀಕ್ಷಕರು ಬಂದ ದಿನ. ಉಪನದಿಗಳನ್ನೇ ಕೇಳಲಪ್ಪ ಎಂದು ದೇವರನ್ನು ಬೇಡಿಕೊಳ್ಳುತ್ತಾ ನಿಂತಿದ್ದೆ. ಆ ಮನುಷ್ಯ ಮುಂದಿನ ಬೆಂಚಿನ ಹುಡುಗನನ್ನು ಎಬ್ಬಿಸಿ, ಉತ್ತರ ದಿಕ್ಕು ಯಾವ ಕಡೆ ಎಂದು ಕೇಳಿದರು. ಹುಡುಗ ಚೂರೂ ಅನುಮಾನವಿಲ್ಲದೆ ಫ್ಯಾನು ತೋರಿಸಿದ. ಪಕ್ಕದವಳೂ ಫ್ಯಾನೇ ತೋರಿಸಿದಳು. ಗೋಡೆಗೆ ಭೂಪಟ ನೇತುಹಾಕಿ ‘ಮೇಲೆ ಉತ್ತರ, ಕೆಳಗೆ ದಕ್ಷಿಣ’ ಎಂದು ಬರೆಸಿದವಳು ನಾನೇ ಅಲ್ಲವೇ? ಪರಿವೀಕ್ಷಕರು ನನ್ನ ಕಡೆ ತಿರುಗಿದರು. ನಾನು ಧೈರ್ಯವಾಗಿ ಮಾಗಡಿ ರೋಡಿನ ಕಡೆ ಕೈ ತೋರಿಸಿದೆ. ಅದು ದಕ್ಷಿಣ. ಅವರು ನಗಲಿಲ್ಲ, ಬೈಯಲಿಲ್ಲ, ಒಂದು ಲೋಟ ನೀರು ಕೇಳಿ ಕುಡಿದು ಹೊರಟುಹೋದರು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಪುಸ್ತಕಗಳು ಬದಲಾದವು, ತರಬೇತಿಗಳು ಶುರುವಾದವು. ಮಕ್ಕಳೇ ಪ್ರಶ್ನೆ ಎತ್ತಬೇಕು, ಊಹೆ ಮಾಡಬೇಕು, ಅಳೆಯಬೇಕು, ಜನರನ್ನು ಕೇಳಬೇಕು, ಬರೆದಿಡಬೇಕು ಎಂದು ಹೇಳಿಕೊಟ್ಟರು. ತರಬೇತಿಯಲ್ಲಿ ಊಟ ಚೆನ್ನಾಗಿತ್ತು. ಪಾಠದ ಮೇಲೆ ನನಗೆ ನಂಬಿಕೆ ಬರಲಿಲ್ಲ. ಆದರೂ ಆದೇಶ ಆದೇಶವೇ. ಮನೆಮನೆಗೆ ಹೋಗಿ ದಿನಕ್ಕೆ ಎಷ್ಟು ಬಿಂದಿಗೆ ನೀರು ಬಳಸುತ್ತೀರಿ ಎಂದು ಕೇಳಿ ಬರಲು ಮಕ್ಕಳಿಗೆ ತಲಾ ಐದು ಫಾರಂ ಹಂಚಿದೆ. ಸೋಮವಾರ ಇನ್ನೂರು ಫಾರಂ ಬಂತು, ಒಂದೂ ತಪ್ಪಿಲ್ಲ, ಒಂದೂ ಚಿತ್ತಿಲ್ಲ. ಓದುತ್ತಾ ಹೋದರೆ ಇಡೀ ಕಾಮಾಕ್ಷಿಪಾಳ್ಯ ದಿನಕ್ಕೆ ಹತ್ತು ಬಿಂದಿಗೆ ಬಳಸುತ್ತಿತ್ತು. ಅದರಲ್ಲೊಂದು ಮನೆಯ ವಿಳಾಸ ನನಗೆ ಚೆನ್ನಾಗಿ ಗೊತ್ತಿತ್ತು, ಅದು ಬಸ್‌ಸ್ಟಾಪಿನ ಹಿಂದಿನ ಖಾಲಿ ಸೈಟು.

ವಿಚಾರಿಸಿದರೆ ಎಲ್ಲರೂ ಪಾರ್ಕಿನಲ್ಲಿ ಕೂತು ಚುರುಮುರಿ ತಿನ್ನುತ್ತಾ ಒಂದೇ ಮಧ್ಯಾಹ್ನದಲ್ಲಿ ತುಂಬಿಸಿದ್ದರು. ನಾನು ರೇಗಿ ಕೂಗಾಡಿದೆ. ಕೂಗಿ ಸುಸ್ತಾದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ಕೇಳಿದಳು, “ಮಿಸ್, ಮನೇಲಿ ಯಾರೂ ಇರ್ಲಿಲ್ಲ, ಗೊತ್ತಾಗ್ಲಿಲ್ಲ ಅಂತ ಬರೆದ್ರೆ ಮಾರ್ಕ್ಸ್ ಕೊಡ್ತಿದ್ರಾ?”

ಕೊಡುತ್ತಿರಲಿಲ್ಲ. ಮಕ್ಕಳಿಗೆ ಸುಳ್ಳು ಹೇಳುವುದನ್ನು ಕಲಿಸಿದವಳು ನಾನೇ ಎಂದು ಅವತ್ತು ಅರ್ಥವಾಯಿತು. ಅಂದಿನಿಂದ ನಮ್ಮ ಫಾರಂನಲ್ಲಿ ‘ಗೊತ್ತಾಗಲಿಲ್ಲ’ ಎಂಬ ಒಂದು ಕಾಲಂ ಬಂತು. ಯಾಕೆ ಗೊತ್ತಾಗಲಿಲ್ಲ ಎಂದು ಬರೆದವರಿಗೆ ಪೂರ್ತಿ ಅಂಕ. ಪ್ರಶ್ನೆಯನ್ನೂ ಮಕ್ಕಳೇ ತರಬೇಕು ಎಂದು ಮಾಡಿದೆ. ಆಮೇಲೆ ನೋಡಿ ಮಜಾ. ರಾಜಾಜಿನಗರದ ರಸ್ತೆ ನೆಟ್ಟಗಿದೆ, ನಮ್ಮದು ಯಾಕೆ ಸೊಟ್ಟ ಎಂದು ಒಬ್ಬ ಕೇಳಿದ. ಗಾರ್ಮೆಂಟ್ಸಿಗೆ ಹೋಗುವ ಅಮ್ಮಂದಿರು ಕಾಯುವ ಬಸ್‌ಸ್ಟಾಪುಗಳಲ್ಲಿ ಎಷ್ಟಕ್ಕೆ ನೆರಳಿದೆ ಎಂದು ನಾಲ್ಕು ಹುಡುಗಿಯರು ಒಂದು ವಾರ ಬೆಳಿಗ್ಗೆ ನಿಂತು ಎಣಿಸಿದರು. ಅವರ ಪಟ್ಟಿ ನೋಡಿ ನಾನು ಬಸ್‌ಸ್ಟಾಪ್ ಬದಲಾಯಿಸಿಕೊಂಡೆ.

ಇದನ್ನೆಲ್ಲ ಸಹಿಸಿಕೊಂಡವರು ನಮ್ಮ ಹೆಡ್‌ಮಿಸ್ ಶಾಂತಮ್ಮನವರು. ಅವರು ಕಾರಿಡಾರಿನಲ್ಲಿ ಬಂದರೆ ಟೀಚರುಗಳೂ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಮಕ್ಕಳನ್ನು ಬೀದಿಗೆ ಕಳಿಸುತ್ತೀರಿ ಎಂದು ಪೋಷಕರು ಜಗಳಕ್ಕೆ ಬಂದಾಗ ಅವರು ನನ್ನ ಪರವಾಗಿ ಮಾತಾಡಿ, ಜಗಳದವರು ಹೋದ ಮೇಲೆ ನನಗೆ ಚೆನ್ನಾಗಿ ಬೈಯುತ್ತಿದ್ದರು. ಎರಡಕ್ಕೂ ನಾನು ಋಣಿ.

ಇನ್ನು ನಾಲ್ಕನೇ ಕ್ರಾಸಿನ ವಿಷಯ. ನಾನು ನಿವೃತ್ತಳಾಗುವುದಕ್ಕೆ ಎರಡು ವರ್ಷ ಮುಂಚೆ ನಡೆದದ್ದು.

ಒಂಬತ್ತನೇ ತರಗತಿಯ ಪೂರ್ಣಿಮ ತಂದ ಪ್ರಶ್ನೆ ಅದು. ಅವಳ ಮನೆ ಶಾಲೆಯ ಹಿಂದಿನ ನಾಲ್ಕನೇ ಕ್ರಾಸಿನಲ್ಲಿತ್ತು. ಒಂದು ದೊಡ್ಡ ಮಳೆ ಬಂದರೆ ಆ ರಸ್ತೆಯ ನಡುಮಧ್ಯೆ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು, ಮೂರು ಮನೆಗಳ ಒಳಕ್ಕೂ ನುಗ್ಗುತ್ತಿತ್ತು. ರಸ್ತೆಯ ಅಂಚಿನಲ್ಲಿ ಹರಿದು ಕೆಳಗಿನ ದೊಡ್ಡ ಮೋರಿ ಸೇರಬೇಕಾದ ನೀರು ಮಧ್ಯದಲ್ಲೇ ಯಾಕೆ ನಿಲ್ಲುತ್ತದೆ? ಮಕ್ಕಳ ಊಹೆ ಸರಿಯಾಗಿಯೇ ಇತ್ತು: ಅಂಚಿನಲ್ಲಿ ಎಲ್ಲೋ ಒಂದು ಕಡೆ ನೆಲ ಎತ್ತರವಾಗಿ ನೀರನ್ನು ತಡೆಯುತ್ತಿದೆ. ರಸ್ತೆಗೆ ಟಾರು ಹಾಕಿದಾಗಲೆಲ್ಲ ಮನೆಯವರು ತಂತಮ್ಮ ಬಾಗಿಲ ಮುಂದೆ ಸಿಮೆಂಟು ಹಾಕಿ ಎತ್ತರಿಸಿಕೊಳ್ಳುವುದು ನಮ್ಮ ಕಡೆ ಮಾಮೂಲು. ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ಎತ್ತರ ಎಂದು ಕಂಡುಹಿಡಿಯಬೇಕಿತ್ತು.

ಮೊದಲು ಹುಡುಗರು ಫೋನಿನಲ್ಲಿ ಎತ್ತರ ನೋಡಿದರು. ಒಂದೇ ಜಾಗದಲ್ಲಿ ನಿಂತರೂ ಫೋನು ಒಂದೊಂದು ಸಲ ಒಂದೊಂದು ಹೇಳುತ್ತಿತ್ತು. ಆಗ ಪೂರ್ಣಿಮ, “ನಮ್ಮಪ್ಪ ಪೈಪಲ್ಲಿ ನೋಡ್ತಾರೆ ಮಿಸ್” ಎಂದಳು. ಅವಳಪ್ಪ ಮುನಿರಾಜು ಗಾರೆ ಕೆಲಸದವರು. ಪಾಯ ಹಾಕುವಾಗ ಅವರು ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ಹಿಡಿಯುತ್ತಾರೆ. ಎರಡು ತುದಿ ಎಷ್ಟೇ ದೂರವಿರಲಿ, ಒಳಗಿನ ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ತುದಿಯನ್ನು ರಸ್ತೆಯ ಲೈಟ್ ಕಂಬಕ್ಕೆ ಹಿಡಿದು, ಅಲ್ಲಿನ ನೀರು ಸೀಮೆಸುಣ್ಣದ ಗೆರೆಗೆ ಸರಿಯಾಗಿ ನಿಂತಾಗ, ಇನ್ನೊಂದು ತುದಿಯ ನೀರು ನೆಲದಿಂದ ಎಷ್ಟು ಇಂಚು ಮೇಲಿದೆ ಎಂದು ಓದಬೇಕು. ಇಂಚು ಕಡಿಮೆ ಬಂದ ಕಡೆ ನೆಲ ಎತ್ತರ. ಇಷ್ಟು ಸರಳವಾದ ಉಪಕರಣ ಮೂವತ್ತು ವರ್ಷ ನನ್ನ ಕಣ್ಣೆದುರಿಗೇ ಇತ್ತು, ಒಂದು ದಿನವೂ ನೋಡಿರಲಿಲ್ಲ.

ಪೂರ್ಣಿಮ ಅಪ್ಪನ ಹಳೆಯ ಪೈಪು ತಂದಳು. ಹಳದಿಗಟ್ಟಿತ್ತು, ಅಲ್ಲಲ್ಲಿ ಸಿಮೆಂಟು ಮೆತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಎಂಟು ಮಕ್ಕಳೊಂದಿಗೆ ನಾನೂ ಹೋದೆ. ಕೆಲಸ ಚೆನ್ನಾಗಿ ಸಾಗಿತು. ಇಸ್ತ್ರಿ ಜಯಮ್ಮನವರ ಜಾಗದಲ್ಲಿ ಮೂವತ್ತೇಳು ಇಂಚು ಬಂತು, ಅಲ್ಲಿಯವರೆಗೆ ಬಂದಿದ್ದರಲ್ಲಿ ಅದೇ ಕಡಿಮೆ. ಜಯಮ್ಮ ಅರವತ್ತು ದಾಟಿದ ಹೆಂಗಸು, ಮನೆ ಮುಂದಿನ ಮೋರಿಯ ಮೇಲೆ ಸಿಮೆಂಟು ಹಾಕಿಸಿಕೊಂಡು ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿದ್ದರು. ಅಲ್ಲಿಂದ ಮುಂದಿನ ಮನೆಗೆ ಪೈಪು ಎಳೆಯುವಾಗ ಒಂದು ಸ್ಕೂಟರ್ ಬಂತು. ತುದಿ ಹಿಡಿದಿದ್ದವರು ನೀರು ಚೆಲ್ಲದಂತೆ ಒತ್ತಿಕೊಂಡಿದ್ದ ಹೆಬ್ಬೆರಳು ತೆಗೆದರು, ಅರ್ಧ ನೀರು ಚೆಲ್ಲಿತು. ಬಿಸಿಲು ಸುಡುತ್ತಿತ್ತು, ನನಗೆ ಮನೆಗೆ ಹೋಗುವ ಆತುರ. ನನ್ನ ಬಾಟಲಿಯ ನೀರನ್ನು ನಾನೇ ಪೈಪಿಗೆ ಸುರಿದೆ. ಮುಂದಿನ ಮನೆಯಲ್ಲಿ ಮೂವತ್ತೆಂಟು ಇಂಚು ಬಂತು. ಆ ಮನೆಯ ನೆಲಮಹಡಿಯಲ್ಲಿ ಬಾಡಿಗೆಗಿದ್ದವರು ಪೂರ್ಣಿಮಳ ಮನೆಯವರು.

ಲೆಕ್ಕ ಮುಗಿಯಿತು: ಎಲ್ಲಕ್ಕಿಂತ ಎತ್ತರ ಜಯಮ್ಮನವರ ಕಟ್ಟೆ. ಮಕ್ಕಳು ಮಾತಾಡಿಸಿದಾಗ ಅವರು, ನೀರು ನನ್ನ ಕಾಲಡಿಯಲ್ಲೇ ನಿಲ್ಲುತ್ತೆ, ನನ್ನ ಕಟ್ಟೆ ತಡೆಯೋದಾದರೆ ನಾನ್ಯಾಕೆ ನೆನೀತೀನಿ ಎಂದಿದ್ದರು. ಮಕ್ಕಳು ಅದನ್ನು ಬರೆದುಕೊಂಡಿದ್ದರು. ಅಳತೆ ಕೈಯಲ್ಲಿರುವಾಗ ಬಾಯಿಮಾತು ಯಾಕೆ ಎಂದು ನಾನು ಅದನ್ನು ಹೊಡೆದುಹಾಕಿಸಿದೆ. ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಅವರ ಹೆಸರು, ಮನೆ ನಂಬರು ಎರಡೂ ಬಿದ್ದವು. ಕೆಳಗೆ ಮಾರ್ಗದರ್ಶಕಿ ಎಂದು ನನ್ನ ಸಹಿ.

ವಸ್ತುಪ್ರದರ್ಶನದಲ್ಲಿ ನಮಗೆ ಮೊದಲ ಬಹುಮಾನ ಬಂತು. ಶಾಂತಮ್ಮನವರು ಪ್ರಾರ್ಥನೆಯ ಹೊತ್ತಿನಲ್ಲಿ ಚಾರ್ಟು ಎತ್ತಿ ಹಿಡಿದು ಇಡೀ ಶಾಲೆಗೆ ಓದಿ ಹೇಳಿದರು. ಚಾರ್ಟಿನ ಫೋಟೋ ಫೋನಿಂದ ಫೋನಿಗೆ ಹೋಗಿ ನಾಲ್ಕನೇ ಕ್ರಾಸು ಮುಟ್ಟಿತು. ನೀರು ನುಗ್ಗಿದ ಮನೆಯವರು ಜಯಮ್ಮನವರಿಗೆ ಬಟ್ಟೆ ಕೊಡುವುದು ನಿಲ್ಲಿಸಿದರು. ಹದಿನೈದು ದಿನದಲ್ಲಿ ರಸ್ತೆ ಕೆಲಸದವರು ಬಂದು ಅವರ ಕಟ್ಟೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ, ತಿಂಗಳೊಳಗೆ ಒಡೆಯುತ್ತೇವೆ ಎಂದು ಹೇಳಿಹೋದರು. ಒಡೆದರೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಆ ಗಾಡಿಯಿಂದಲೇ ಅವರ ಒಲೆ ಉರಿಯುತ್ತಿತ್ತು.

ಮುಂದಿನ ಸೋಮವಾರ ಪೂರ್ಣಿಮ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೆಂಪು ಗುರುತು ನೋಡಿ ಅವಳಪ್ಪ, ಅಳೆಯುವ ಮುಂಚೆ ಪೈಪಿನ ಎರಡು ತುದಿಯನ್ನೂ ಜೊತೆಗಿಟ್ಟು ನೀರು ಸಮವಾಗಿದೆಯೇ ಎಂದು ನೋಡಿದಿರಾ ಎಂದು ಕೇಳಿದ್ದರು. ನಾವು ನೋಡಿರಲಿಲ್ಲ. ನಡುವೆ ನೀರು ಸುರಿದಿರಾ ಎಂದು ಕೇಳಿದ್ದರು. ಸುರಿದಿದ್ದೆವು. ಮೇಲಿನಿಂದ ದಬದಬ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಸಿಕ್ಕಿಕೊಂಡ ಕಡೆ ನೀರು ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ. ಗಾರೆ ಕೆಲಸಕ್ಕೆ ಸೇರಿದವರು ಮೊದಲ ವಾರದಲ್ಲಿ ಕಲಿಯುವ ಪಾಠವಂತೆ ಅದು. ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಸೇರಿ ತಮ್ಮ ಮನೆ ಮುಂದೆ ಇನ್ನೊಮ್ಮೆ ಹಿಡಿದಿದ್ದರು. ಮೂವತ್ತೈದು ಇಂಚು.

ಅಂದರೆ ನೀರು ತಡೆಯುತ್ತಿದ್ದದ್ದು ಅವಳದೇ ಮನೆಯ ಮುಂದಿನ ಸ್ಲೋಪು. ಮಹಡಿ ಮೇಲಿದ್ದ ಮಾಲೀಕರ ಕಾರು ಹತ್ತಿಸಲು ಅದನ್ನು ಕಟ್ಟಿಕೊಟ್ಟವರು ಮುನಿರಾಜುವೇ. ಇದು ಹೊರಗೆ ಬಂದರೆ ಮಾಲೀಕರು ಮನೆ ಖಾಲಿ ಮಾಡಿಸುತ್ತಾರೆ ಎಂದು ಅವಳಮ್ಮ ಹೆದರಿ ಅಳುತ್ತಿದ್ದರಂತೆ.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡಬಾರದು. ಬಹುಮಾನ ಬಂದಾಗಿದೆ, ಹೆಡ್‌ಮಿಸ್ ಇಡೀ ಶಾಲೆಗೆ ಓದಿದ್ದಾರೆ, ನಿವೃತ್ತಿಗೆ ಎರಡು ವರ್ಷ ಇದೆ ಎಂದೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಓಡಿತು. ನಿನ್ನ ಮನೆಗೂ ತೊಂದರೆ ಅಲ್ಲವೇನೇ, ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದೆ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನಂಬಿಸಿಕೊಂಡೆ.

ಪೂರ್ಣಿಮ ತಲೆ ತಗ್ಗಿಸಿಕೊಂಡೇ ಹೇಳಿದಳು, “ಪರೀಕ್ಷೆ ಮುಗಿಯೋಷ್ಟರಲ್ಲಿ ಜಯಮ್ಮಜ್ಜಿ ಕಟ್ಟೆ ಒಡೆದಿರ್ತಾರೆ ಮಿಸ್.”

ಹದಿನಾಲ್ಕು ವರ್ಷದ ಹುಡುಗಿ ತಲೆ ಮೇಲಿನ ಸೂರನ್ನು ಪಣಕ್ಕಿಟ್ಟು ಬಂದು ನಿಂತಿದ್ದಳು. ನಾನು ಒಂದು ಚಾರ್ಟಿಗೆ ಅಂಟಿಕೊಂಡು ಕೂತಿದ್ದೆ. ನಾಚಿಕೆಯಾಯಿತು. ಅವಳ ಕೈ ಹಿಡಿದುಕೊಂಡೇ ಹೆಡ್‌ಮಿಸ್ ಕೋಣೆಗೆ ಹೋದೆ.

ಶಾಂತಮ್ಮನವರು ಎಲ್ಲ ಕೇಳಿ, ಪೈಪಿಗೆ ನೀರು ಸುರಿದವರು ಯಾರು ಎಂದರು. ನಾನೇ ಎಂದೆ. ಚಾರ್ಟಿನಲ್ಲಿ ಸಹಿ ಯಾರದು ಎಂದರು. ನನ್ನದು ಎಂದೆ. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತಿದ್ದವಳಿಗೆ ಬೈಗುಳ ಬರಲಿಲ್ಲ. ಹಾಗಾದರೆ ನೀವೇ ಹೋಗಿ ಹೇಳಿ ಎಂದರು. ನಾವು ಅಲ್ಲಿರುವಾಗಲೇ ಶಾಲೆಯ ಲೆಟರ್‌ಹೆಡ್ ತೆಗೆದು, ನಮ್ಮ ಅಳತೆ ತಪ್ಪಾಗಿದೆ, ಮರು ಅಳತೆಯವರೆಗೆ ಏನನ್ನೂ ಒಡೆಯಬಾರದು ಎಂದು ರಸ್ತೆ ಕೆಲಸದವರಿಗೆ ಪತ್ರ ಬರೆಯಲು ಕೂತರು. ಬಹುಮಾನದ ವಿಷಯ ಕೇಳಿದ್ದಕ್ಕೆ, ವಾಪಸ್ ಕೊಟ್ಟರೆ ಶೋಕೇಸಿನಲ್ಲಿ ಜಾಗವಾಯಿತು ಬಿಡಿ ಎಂದರು. ಅಂಥ ಮೇಲಧಿಕಾರಿ ಸಿಗುವುದಕ್ಕೆ ಪುಣ್ಯ ಮಾಡಿರಬೇಕು.

ಸಂಜೆ ಜಯಮ್ಮನವರ ಹತ್ತಿರ ಹೋದೆ. ಗಾಡಿಯ ಮೇಲೆ ಎರಡೇ ಎರಡು ಷರ್ಟಿದ್ದವು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಒಳಗೆ ಕೂತು ಮಾತಾಡೋಣವಾ ಎಂದೆ. ಅವರು ಒಳಗೆ ಕರೆಯಲಿಲ್ಲ. ನಿಂತಲ್ಲೇ ಎಲ್ಲ ಹೇಳಿ ಕ್ಷಮೆ ಕೇಳಿದೆ. ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಅವರು ನನ್ನನ್ನೇ ನೋಡಿದರು.

“ಸ್ಕೂಲ್ ಮಕ್ಕಳೆಲ್ಲರ ಮುಂದೆ ನನ್ನ ಹೆಸರು ಓದಿದ್ರಿ. ಈಗ ಒಬ್ರೇ ಬಂದು ಕಿವೀಲಿ ಹೇಳ್ತೀರಾ ಮೇಡಂ?”

ಎಷ್ಟು ಜನರ ಮುಂದೆ ತಪ್ಪು ಹೇಳಿದ್ದೆವೋ ಅಷ್ಟು ಜನರ ಮುಂದೆ ಸರಿ ಹೇಳುವುದು ಎಂದಾಯಿತು. ಮಾರನೆಯ ದಿನ ಪ್ರಾರ್ಥನೆಯಲ್ಲಿ ನಾನೇ ಮೈಕಿನ ಮುಂದೆ ನಿಂತು, ಚಾರ್ಟಿನಲ್ಲಿದ್ದದ್ದು ತಪ್ಪು, ತಪ್ಪು ನನ್ನದು, ಭಾನುವಾರ ಮತ್ತೆ ಅಳೆಯುತ್ತೇವೆ, ಯಾರು ಬೇಕಾದರೂ ಬಂದು ನೋಡಬಹುದು ಎಂದು ಹೇಳಿದೆ. ಮಕ್ಕಳು ಗಲಾಟೆ ಮಾಡದೆ ಕೇಳಿದರು. ಅವರೆಲ್ಲರಿಗೂ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆ ಅಳತೆಯ ನಂತರ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸ ಟೀಚರುಗಳು ಅದನ್ನೇ ಮೊದಲು ಕೇಳುತ್ತಾರೆ. ಮುನಿರಾಜು ಸ್ಲೋಪನ್ನು ಅಳೆದೂ ಸುರಿದೂ ಮೂರು ಇಂಚು ಕೆತ್ತಿ ಇಳಿಸಿದರು. ಮಾಲೀಕರು ಒಂದು ತಿಂಗಳು ಗೊಣಗಿದರು. ತಮ್ಮದೇ ನೀರಿನ ಸಂಪಿನೊಳಕ್ಕೆ ಕೊಳಕು ನೀರು ಸೇರುವುದು ನಿಂತ ಮೇಲೆ ಸುಮ್ಮನಾದರು. ಬಾಡಿಗೆಯವರನ್ನು ಖಾಲಿ ಮಾಡಿಸಲಿಲ್ಲ. ಜಯಮ್ಮನವರ ಕಟ್ಟೆ ಉಳಿಯಿತು. ಪೈಪಿನ ಎರಡು ತುದಿಯನ್ನೂ ಜೊತೆಗಿಟ್ಟು ನೋಡದೆ ನಮ್ಮ ಶಾಲೆಯ ಮಕ್ಕಳು ಆಮೇಲೆ ಏನನ್ನೂ ಅಳೆಯಲಿಲ್ಲ, ಜನರು ಹೇಳಿದ ಮಾತನ್ನು ನಾನು ಹೊಡೆದುಹಾಕಿಸಲಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಆ ಭಾನುವಾರದ ವಿಷಯ.

ಇಡೀ ಕ್ರಾಸು ಹೊರಗೆ ಬಂದು ನಿಂತಿತ್ತು. ಶಾಂತಮ್ಮನವರು ಕುರ್ಚಿ ತರಿಸಿಕೊಂಡು ಕೂತಿದ್ದರು. ಮುನಿರಾಜು ಬಕೆಟ್ಟನ್ನು ಎತ್ತರದಲ್ಲಿಟ್ಟು ಪೈಪಿನೊಳಕ್ಕೆ ನಿಧಾನವಾಗಿ ನೀರು ಇಳಿಸಿ, ಬೆರಳಿನಿಂದ ತಟ್ಟಿತಟ್ಟಿ ಗಾಳಿ ಓಡಿಸಿ, ಎರಡು ತುದಿಯನ್ನೂ ಜೊತೆಗಿಟ್ಟು ಎಲ್ಲರಿಗೂ ತೋರಿಸಿದರು. ಕಂಬದ ಹತ್ತಿರದ ತುದಿಯನ್ನು ಅವರೇ ಹಿಡಿದರು. ಇನ್ನೊಂದು ತುದಿಯನ್ನು ನಾನು ತೆಗೆದುಕೊಳ್ಳಲು ಹೋದೆ. ಜಯಮ್ಮ ಮುಂದೆ ಬಂದು, ಕೊಡಿ ನಾನು ಹಿಡೀತೀನಿ ಎಂದು ನನ್ನ ಕೈಯಿಂದ ತೆಗೆದುಕೊಂಡರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಪೂರ್ಣಿಮ ಪುಸ್ತಕ ಹಿಡಿದು ಪಕ್ಕದಲ್ಲಿ ನಿಂತಳು.

ತಮ್ಮ ಕಟ್ಟೆಯ ಮೇಲೆ ಇಂಚಿನ ಗುರುತಿದ್ದ ಅಳತೆ ಕೋಲು ನಿಲ್ಲಿಸಿ ಜಯಮ್ಮ ಗಟ್ಟಿಯಾಗಿ ಓದಿದರು, ಮೂವತ್ತೇಳು. ಮುಂದಿನ ಮನೆಗೆ ಹೋದರು. ಮಹಡಿಯ ಮೇಲಿಂದ ಮಾಲೀಕರು ನೋಡುತ್ತಿದ್ದರು, ಕೆಳಗೆ ಬಾಗಿಲಲ್ಲಿ ಪೂರ್ಣಿಮಳ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ನೀರು ಅಲ್ಲಾಡುವುದು ನಿಲ್ಲುವವರೆಗೆ ಜಯಮ್ಮ ಕಾದರು. ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

“ಮೂವತ್ತೈದು.”

ಪೂರ್ಣಿಮ ಪೆನ್ನು ಹಿಡಿದು ನಿಂತೇ ಇದ್ದಳು. ಕಂಬದ ಹತ್ತಿರದಿಂದ ಮುನಿರಾಜು ಹೇಳಿದರು, “ಬರ್ಕೊಳಮ್ಮ. ಮನೆ ನಂಬರೂ ಬರಿ. ಅವ್ರದ್ದು ಬರೆದಿದ್ರಲ್ಲ, ನಮ್ದೂ ಬರಿ.”

ಹುಡುಗಿ ಪೆನ್ನನ್ನು ಪುಟಕ್ಕೆ ತಂದಳು. ಜಯಮ್ಮ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯನ್ನು ಪುಸ್ತಕದ ಮೇಲೆ ಅಡ್ಡ ಇಟ್ಟರು.

“ನಂಬರ್ ಬೇಡ ಕಣೇ ಪುಟ್ಟಿ. ಇಂಚು ಬರ್ಕೊ, ಸಾಕು.”